ಅಜ್ಜನ ರಾಲೆ ಯಾವ ವರ್ಷದ್ದು? ಹಳೆಯ ಸೈಕಲ್‌ಗಳ ಕಾಲ ಗುರುತಿಸುವ ಬಗ್ಗೆ ಪ್ರಶ್ನೋತ್ತರ

ಪ್ರಶ್ನೆ (ಸಾಗರದಿಂದ): ನಮಸ್ಕಾರ ಸರ್. ನಮ್ಮ ಅಜ್ಜನ ರಾಲೆ ಸೈಕಲನ್ನು ಅಟ್ಟದಿಂದ ಇಳಿಸಿದ್ದೇವೆ. ಕಪ್ಪು ಬಣ್ಣ, ರಾಡ್ ಬ್ರೇಕ್, 28 ಇಂಚಿನ ಚಕ್ರ. ಚೈನ್‌ವೀಲಿನಲ್ಲಿ ಹಕ್ಕಿಯ ತಲೆಗಳಿವೆ, ಹ್ಯಾಂಡಲಿನ ಮೇಲೆ ಮೂರು ಗೇರಿನ ಸಣ್ಣ ಲಿವರ್ ಇದೆ. ಇದು 1932ರದ್ದು ಎಂದು ದೊಡ್ಡಪ್ಪ ಹೇಳುತ್ತಾರೆ. ಸೀಟಿನ ಕೆಳಗಿನ ನಂಬರ್ ಅರ್ಧ ಅಳಿಸಿದೆ. ಮುಂದಿನ ವಾರ ಪೇಂಟಿಂಗಿಗೆ ಕೊಡುವವರಿದ್ದೇವೆ. ಅಷ್ಟರೊಳಗೆ ವರ್ಷ ತಿಳಿಯಬಹುದೇ?

ಉತ್ತರ: ಮೊದಲು ಪೇಂಟಿಂಗ್ ನಿಲ್ಲಿಸಿ. ನೀವು ಕೇಳುತ್ತಿರುವ ಪ್ರಶ್ನೆಗೆ ಅರ್ಧ ಉತ್ತರ ಆ ಹಳೆಯ ಬಣ್ಣದಲ್ಲೇ ಇದೆ. ಫ್ರೇಮಿನ ಮೇಲಿನ ಚಿನ್ನದ ಗೆರೆ, ಮುಂಭಾಗದ ಲಾಂಛನ, ಸೀಟಿನ ಕೊಳವೆಯ ಮೇಲಿನ ಅಕ್ಷರಗಳು ಒಮ್ಮೆ ಹೋದರೆ ಮತ್ತೆ ಬರುವುದಿಲ್ಲ. ಹೊಸ ಬಣ್ಣವನ್ನು ಯಾವಾಗ ಬೇಕಾದರೂ ಬಳಿಸಬಹುದು.

ಕಪ್ಪು ಬಣ್ಣ, ರಾಡ್ ಬ್ರೇಕ್, 28 × 1½ ಟೈರು, ಮುಂದೆ 32 ಮತ್ತು ಹಿಂದೆ 40 ಕಡ್ಡಿ: ಇವನ್ನು ನೋಡಿ ಯಾರೂ ವರ್ಷ ಹೇಳಬಾರದು. ಇಂಗ್ಲಿಷರ ಈ ರೋಡ್‌ಸ್ಟರ್ ವಿನ್ಯಾಸವನ್ನೇ ನಮ್ಮ ದೇಶದ ಕಾರ್ಖಾನೆಗಳು ಹೆಚ್ಚು ಬದಲಾಯಿಸದೆ ದಶಕಗಳ ಕಾಲ ತಯಾರಿಸಿದವು. 1935ರ ಸೈಕಲ್ಲಿಗೂ 1985ರ ಸೈಕಲ್ಲಿಗೂ ದೂರದಿಂದ ವ್ಯತ್ಯಾಸ ಕಾಣುವುದಿಲ್ಲ. ಸಂತೆಯಲ್ಲಿ, ಅಂತರ್ಜಾಲದಲ್ಲಿ ‘ಬ್ರಿಟಿಷರ ಕಾಲದ್ದು’ ಎಂದು ಮಾರಾಟವಾಗುವ ಎಷ್ಟೋ ಸೈಕಲ್‌ಗಳ ಆಧಾರ ಈ ಹೋಲಿಕೆ ಮಾತ್ರ.

ಹಕ್ಕಿಯ ತಲೆ ಬಕಪಕ್ಷಿಯದು, ರಾಲೆಯ ಗುರುತು. ಅದು ತಯಾರಕರನ್ನು ಹೇಳುತ್ತದೆ, ಕಾಲವನ್ನಲ್ಲ. ಫ್ರೇಮ್ ನಂಬರನ್ನೂ ಹೆಚ್ಚು ನಂಬಬೇಡಿ. ರಾಲೆಯಲ್ಲಿ ಸಂಖ್ಯೆಗಳ ಸರಣಿ ಒಂದಕ್ಕಿಂತ ಹೆಚ್ಚು ಸಲ ಮೊದಲಿನಿಂದ ಶುರುವಾಗಿದೆ. ಬರಿಯ ನಂಬರ್ ಹಿಡಿದು ಪಟ್ಟಿ ನೋಡಿದರೆ ಇಪ್ಪತ್ತು ವರ್ಷ ಆಚೀಚೆ ಆಗಬಹುದು.

ನಿಮ್ಮ ಸೈಕಲ್ಲಿಗೆ ಮೂರು ಗೇರು ಇರುವುದು ದೊಡ್ಡ ಅನುಕೂಲ. ಹಿಂದಿನ ಹಬ್ (ಚಕ್ರದ ನಡುವಿನ ಗುಂಬ; ಗೇರು ಇರುವುದು ಅದರೊಳಗೆ) ಮೇಲಿನ ಜಿಡ್ಡಿಗೆ ಸೀಮೆಎಣ್ಣೆ ಹಚ್ಚಿ, ಸ್ವಲ್ಪ ಹೊತ್ತು ಬಿಟ್ಟು ಹತ್ತಿಬಟ್ಟೆಯಿಂದ ಒರೆಸಿ. ತಂತಿ ಬ್ರಷ್ ಬೇಡ. ‘ಸ್ಟರ್ಮಿ-ಆರ್ಚರ್’ ಎಂಬ ಗೇರು ತಯಾರಕರ ಹೆಸರು, ಮಾದರಿಯ ಅಕ್ಷರಗಳು, ಅವುಗಳ ಹತ್ತಿರ ಅಂಕಿಗಳು ಕಾಣುತ್ತವೆ. ಕಂಡದ್ದನ್ನು ಹಾಗೆಯೇ ಬರೆದು ಕಳುಹಿಸಿ.

ಅದೇ ಪ್ರಶ್ನೆ, ಮುಂದುವರಿದು: ಒರೆಸಿದೆವು ಸರ್. ‘ಎಡಬ್ಲ್ಯೂ’ ಎಂದಿದೆ. ಅದರ ಜೊತೆಗೆ 52 ಮತ್ತು 11 ಎಂಬ ಅಂಕಿಗಳಿವೆ.

ಉತ್ತರ: ಹಾಗಾದರೆ ಆ ಹಬ್ 1952ರ ನವೆಂಬರಿನದು. ಎರಡನೇ ಮಹಾಯುದ್ಧದ ನಂತರದ ಹಬ್‌ಗಳಲ್ಲಿ ವರ್ಷದ ಕೊನೆಯ ಎರಡು ಅಂಕಿ ಮತ್ತು ತಿಂಗಳನ್ನು ಒತ್ತುತ್ತಿದ್ದರು. ಯುದ್ಧಕ್ಕೆ ಮೊದಲಿನವುಗಳಲ್ಲಿ ಒಂದೇ ಅಂಕಿ ಸಿಗುತ್ತದೆ. 8 ಎಂದಿದ್ದರೆ 1938. ಎಡಬ್ಲ್ಯೂ ಮಾದರಿ ಮಾರುಕಟ್ಟೆಗೆ ಬಂದದ್ದೇ 1936ರಲ್ಲಿ. ಆದ್ದರಿಂದ ಈ ಚಕ್ರದೊಂದಿಗೆ ಸೈಕಲ್ 1932ರಲ್ಲಿ ಅಂಗಡಿಯಿಂದ ಹೊರಬಂದಿರಲು ಸಾಧ್ಯವಿಲ್ಲ.

ದೊಡ್ಡಪ್ಪನವರ ಮಾತನ್ನು ಈಗಲೇ ತಳ್ಳಿಹಾಕಬೇಡಿ. ಫ್ರೇಮ್ ಹಳೆಯದಾಗಿದ್ದು, ಹಿಂದಿನ ಚಕ್ರ ಆಮೇಲೆ ಬದಲಾಗಿರಲೂಬಹುದು. ಅದಕ್ಕೆ ಇನ್ನೊಂದು ಸಾಕ್ಷಿ ಬೇಕು. ಹಬ್ಬಿಗೂ ಫ್ರೇಮಿಗೂ ಸಂಬಂಧವಿಲ್ಲದ ಭಾಗ ನೋಡಿ: ಡೈನಮೋ ಅಥವಾ ದೀಪ, ಪೆಡಲ್, ಕ್ರಾಂಕಿನ (ಪೆಡಲ್ ಸಿಕ್ಕಿಸುವ ತೋಳಿನ) ಹಿಂಬದಿ. ಎಲ್ಲವೂ ಒಂದೇ ಕಾಲವನ್ನು ಹೇಳಿದರೆ ಸೈಕಲ್ ಆ ಕಾಲದ್ದು. ಒಂದು ಮಾತ್ರ ಬೇರೆ ಹೇಳಿದರೆ ಆ ಭಾಗ ಬದಲಾಗಿದೆ ಎಂದು ತಿಳಿಯಬೇಕು. ಸೀಟನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. ಬ್ರೂಕ್ಸ್ ಚರ್ಮದ ಸೀಟು ಎಷ್ಟೇ ಚೆನ್ನಾಗಿದ್ದರೂ ಅದು ಒಂದು ಸೈಕಲ್ಲಿನಿಂದ ಇನ್ನೊಂದಕ್ಕೆ ಸುಲಭವಾಗಿ ಹೋಗುವ ವಸ್ತು.

ಇನ್ನೊಂದು ವಿಷಯ. 1950ರ ದಶಕದ ಆರಂಭದಲ್ಲಿ ಪಶ್ಚಿಮ ಬಂಗಾಳದ ಅಸನ್ಸೋಲ್‌ನಲ್ಲಿ ಸೆನ್-ರಾಲೆ ಕಾರ್ಖಾನೆ ಶುರುವಾಯಿತು. ಹೀಗಾಗಿ 1952ರ ಆಸುಪಾಸಿನ ರಾಲೆ ಎಂದರೆ ಆ ಕಂಪನಿಯ ತವರಾದ ಇಂಗ್ಲೆಂಡಿನ ನಾಟಿಂಗ್‌ಹ್ಯಾಮಿನದೋ ಅಸನ್ಸೋಲಿನದೋ ಎಂಬ ಪ್ರಶ್ನೆ ಏಳುತ್ತದೆ. ಹಬ್ ಇದನ್ನು ಹೇಳುವುದಿಲ್ಲ. ಮುಂಭಾಗದ ಬಿಲ್ಲೆಯ ಕೆಳಗೆ ‘ನಾಟಿಂಗ್‌ಹ್ಯಾಮ್, ಇಂಗ್ಲೆಂಡ್’ ಎಂದಿದೆಯೇ, ಫ್ರೇಮಿನ ಮೇಲೆ ‘ಸೆನ್-ರಾಲೆ’ ಎಂಬ ಹೆಸರು ಎಲ್ಲಾದರೂ ಮಸುಕಾಗಿ ಕಾಣುತ್ತದೆಯೇ, ಒದ್ದೆ ಬಟ್ಟೆಯಿಂದ ಮೆಲ್ಲಗೆ ಒರೆಸಿ ನೋಡಿ. ಬಣ್ಣ ಬಳಿಸಿದ್ದರೆ ಇದನ್ನು ತಿಳಿಯುವ ದಾರಿಯೇ ಮುಚ್ಚುತ್ತಿತ್ತು.

ಪ್ರಶ್ನೆ (ಹುಬ್ಬಳ್ಳಿಯಿಂದ): ನನ್ನಲ್ಲಿರುವುದು ಬಿಎಸ್‌ಎ. ಕ್ರಾಂಕಿನ ಮೇಲೆ ಮೂರು ಬಂದೂಕುಗಳ ಗುರುತಿದೆ. ಇದು ಅಸಲಿ ಬರ್ಮಿಂಗ್‌ಹ್ಯಾಮ್ ಸೈಕಲ್ಲೇ?

ಉತ್ತರ: ಕ್ರಾಂಕ್ ಬಿಎಸ್‌ಎಯದು ಎಂಬುದಷ್ಟೇ ಇದರಿಂದ ಖಚಿತ. ಬರ್ಮಿಂಗ್‌ಹ್ಯಾಮಿನ ಆ ಬಂದೂಕು ಕಂಪನಿ ಹಬ್, ಕ್ರಾಂಕ್, ಪೆಡಲ್‌ಗಳನ್ನು ಬೇರೆ ತಯಾರಕರಿಗೂ ಮಾರುತ್ತಿತ್ತು. ಆ ಭಾಗಗಳನ್ನು ಜೋಡಿಸಿ ಸಣ್ಣ ಸಣ್ಣ ಅಂಗಡಿಗಳು ತಮ್ಮ ಹೆಸರಿನಲ್ಲಿ ಸೈಕಲ್ ಕಟ್ಟುತ್ತಿದ್ದವು. ಗುರುತು ಫ್ರೇಮಿನ ಮುಂಭಾಗದ ಬಿಲ್ಲೆಯಲ್ಲೂ ಇರಬೇಕು.

ಬಿಲ್ಲೆ ಇದ್ದರೂ ಕೆಲಸ ಮುಗಿಯಲಿಲ್ಲ. 1957ರಲ್ಲಿ ಬಿಎಸ್‌ಎ ತನ್ನ ಸೈಕಲ್ ವ್ಯವಹಾರವನ್ನು ರಾಲೆಗೆ ಮಾರಿತು. ನಮ್ಮಲ್ಲಿ ಆ ಹೆಸರಿನ ಸೈಕಲ್‌ಗಳು ಮದರಾಸಿನ ಹತ್ತಿರದ ಅಂಬತ್ತೂರಿನ ಟಿಐ ಸೈಕಲ್ಸ್‌ನಿಂದ ಬಂದವು. ಒಳ್ಳೆಯ ಮೆಕ್ಯಾನಿಕ್ ಬಳಿ ಪೆಡಲ್ ಆಕ್ಸಲ್ಲಿನ ಕಪ್ ಬಿಚ್ಚಿಸಿ ಥ್ರೆಡ್ ಅಳೆಸಿ. ಬಿಎಸ್‌ಎ ಅಳತೆ ಇಂಚಿಗೆ 24 ಎಳೆ. ರಾಲೆ ನಾಟಿಂಗ್‌ಹ್ಯಾಮಿನ ತನ್ನ ಫ್ರೇಮುಗಳಿಗೆ 26 ಎಳೆಯ ಅಳತೆಯನ್ನು ಇಟ್ಟುಕೊಂಡಿತ್ತು. ಬಿಎಸ್‌ಎ ಬಿಲ್ಲೆಯ ಫ್ರೇಮಿನಲ್ಲಿ 26 ಸಿಕ್ಕರೆ ಅದು ಹಳೆಯ ಬರ್ಮಿಂಗ್‌ಹ್ಯಾಮ್ ಫ್ರೇಮ್ ಅಲ್ಲ ಎಂದೇ ನಾನು ಹೇಳುತ್ತೇನೆ. 24 ಸಿಕ್ಕಿತೆಂದು ಮಾತ್ರ ಹಿಗ್ಗಬೇಡಿ. ಜಗತ್ತಿನ ಬಹುಪಾಲು ತಯಾರಕರು ಆ ಅಳತೆಯನ್ನೇ ಅನುಸರಿಸಿದರು. ಕಪ್ ಬಿಗಿಯಾಗಿದ್ದರೆ ಸುತ್ತಿಗೆ ಹಾಕಲು ಬಿಡಬೇಡಿ. ಎಣ್ಣೆ ಬಿಟ್ಟು ಎರಡು ದಿನ ಕಾಯಿರಿ.

ಪ್ರಶ್ನೆ (ಮಂಡ್ಯದಿಂದ): ಒಬ್ಬರು ‘1920ರ ರಡ್ಜ್’ ಎಂದು ಫೋಟೋ ಕಳುಹಿಸಿದ್ದಾರೆ. ಚೈನ್‌ವೀಲಿನಲ್ಲಿ ಅಂಗೈ ಇದೆ, ಹ್ಯಾಂಡಲ್ ಮತ್ತು ರಿಮ್ ಫಳಫಳ ಹೊಳೆಯುತ್ತವೆ. ತೆಗೆದುಕೊಳ್ಳಬಹುದೇ?

ಉತ್ತರ: ಅಂಗೈ ರಡ್ಜ್-ವಿಟ್‌ವರ್ತ್ ಗುರುತು, ಅದು ಸರಿ. ಆದರೆ ಕ್ರೋಮ್ ಲೇಪ ಸೈಕಲ್‌ಗಳಲ್ಲಿ ಸಾಮಾನ್ಯವಾದದ್ದು 1930ರ ಸುಮಾರಿಗೆ. ಅದಕ್ಕೆ ಮೊದಲು ನಿಕ್ಕಲ್ ಇತ್ತು; ಅದರ ಹೊಳಪಿನಲ್ಲಿ ನಸುಹಳದಿ ಛಾಯೆ ಇರುತ್ತದೆ, ಕ್ರೋಮಿನದು ನೀಲಿಗೆ ತಿರುಗುವ ಬಿಳಿ. ಮುಂದಿನ ಚಕ್ರ ಹಿಡಿಯುವ ಫೋರ್ಕಿನ ಹೆಗಲನ್ನೂ ನೋಡಿ. 1943ರಲ್ಲಿ ರಡ್ಜ್ ರಾಲೆಯ ಕೈಗೆ ಹೋಯಿತು. ಹೆಗಲ ಮೇಲೆ ರಾಲೆಯ ಹಾಗೆ ಎರಡು ದುಂಡನೆಯ ಕ್ರೋಮ್ ಟೋಪಿಗಳಿದ್ದರೆ ಅದು ಆ ನಂತರದ್ದು. ಯುದ್ಧಾನಂತರದ ರಡ್ಜ್ ಒಳ್ಳೆಯ ಸೈಕಲ್ಲೇ, ಸಂತೋಷದಿಂದ ಕೊಳ್ಳಿ. 1920ರ ಬೆಲೆ ಮಾತ್ರ ಕೊಡಬೇಡಿ.

ಸಾಗರದವರು ಮತ್ತೆ: ಸರ್, ಬಿಲ್ಲೆಯಲ್ಲಿ ‘ನಾಟಿಂಗ್‌ಹ್ಯಾಮ್’ ಓದಲು ಬರುತ್ತದೆ. ಹ್ಯಾಂಡಲಿನ ಬುಡದಲ್ಲಿ ತಂತಿಯಿಂದ ಕಟ್ಟಿದ ಪುರಸಭೆಯ ತೆರಿಗೆ ಬಿಲ್ಲೆಯೂ ಸಿಕ್ಕಿತು, ಅದರಲ್ಲಿ 1954-55 ಎಂದಿದೆ. ದೊಡ್ಡಪ್ಪ ಕೂಡ ಈಗ ಬಣ್ಣ ಬೇಡ ಎನ್ನುತ್ತಿದ್ದಾರೆ.

ಉತ್ತರ: ಆ ತೆರಿಗೆ ಬಿಲ್ಲೆಯನ್ನು ಬಿಚ್ಚಬೇಡಿ, ಉಜ್ಜಿ ಹೊಳೆಸಲೂ ಬೇಡಿ. ಸೈಕಲ್ಲಿಗೆ ತೆರಿಗೆ ಇದ್ದ ಕಾಲದಲ್ಲಿ ವರ್ಷವರ್ಷವೂ ಹೊಸ ಬಿಲ್ಲೆ ಕಟ್ಟಿಸಬೇಕಿತ್ತು. 1954-55ರಲ್ಲಿ ನಿಮ್ಮ ಸೈಕಲ್ ನಮ್ಮ ರಸ್ತೆಯ ಮೇಲಿತ್ತು ಎಂಬುದಕ್ಕೆ ಇಷ್ಟು ಒಳ್ಳೆಯ ಪುರಾವೆ ಇಂಗ್ಲೆಂಡಿನ ಯಾವ ಪಟ್ಟಿಯಲ್ಲೂ ಸಿಗದು. 1952ರ ಕೊನೆಯ ಹಬ್, ನಾಟಿಂಗ್‌ಹ್ಯಾಮ್ ಫ್ರೇಮ್, ಹಡಗಿನ ಪ್ರಯಾಣ, ಅಂಗಡಿಯಲ್ಲಿ ಕಾದ ಸಮಯ ಎಲ್ಲವನ್ನೂ ಕೂಡಿಸಿದರೆ 1953ರಲ್ಲಿ ಅಥವಾ ಮರುವರ್ಷ ಅಜ್ಜ ಇದನ್ನು ಕೊಂಡಿರಬೇಕು. ದೀಪ ಮತ್ತು ಪೆಡಲ್ ಇದಕ್ಕೆ ವಿರುದ್ಧವಾಗಿ ಏನಾದರೂ ಹೇಳಿದರೆ ತಿಳಿಸಿ.

ಈಗ ಮಾಡಬೇಕಾದದ್ದು: ಫ್ರೇಮನ್ನು ತೆಳು ಸೋಪುನೀರಿನ ಬಟ್ಟೆಯಿಂದ ಒರೆಸಿ ಒಣಗಿಸಿ. ಚಿನ್ನದ ಗೆರೆಗಳ ಮೇಲೆ ಸೀಮೆಎಣ್ಣೆ ತಾಗಿಸಬೇಡಿ. ಕಾರಿಗೆ ಹಚ್ಚುವ ಮೇಣವನ್ನು ತೆಳುವಾಗಿ ಹಚ್ಚಿ. ಹಬ್ಬಿನ ಸಣ್ಣ ಮುಚ್ಚಳ ತೆಗೆದು ತೆಳು ಎಣ್ಣೆ ಬಿಡಿ. ಗ್ರೀಸ್ ತುಂಬಿಸಿದರೆ ಗೇರು ಅಂಟಿಕೊಳ್ಳುತ್ತದೆ. ಹೊಸ ಟೈರು, ಟ್ಯೂಬು ಮತ್ತು ಬ್ರೇಕ್ ರಬ್ಬರ್ ಹಾಕಿಸಿ, ಏಕೆಂದರೆ ಮಳೆಗಾಲದಲ್ಲಿ ಉಕ್ಕಿನ ರಿಮ್ಮಿನ ಮೇಲೆ ಹಳೆಯ ರಬ್ಬರ್ ನಿಲ್ಲುವುದೇ ಇಲ್ಲ.