ಸಹಾಯ ಬೇಕು: ಚಳಿ, ಮಳೆ ಎರಡಕ್ಕೂ ಆಗುವ ಸಿಂಥೆಟಿಕ್ ಜಾಕೆಟ್ ಯಾವುದು?

ಎಲ್ಲರಿಗೂ ನಮಸ್ಕಾರ. ಒಂದು ಬೆಚ್ಚನೆಯ ಜಾಕೆಟ್ ಹುಡುಕುತ್ತಿದ್ದೇನೆ. ಒಣ ಚಳಿಗಲ್ಲ. ಎರಡು ಮೂರು ಡಿಗ್ರಿಯಲ್ಲಿ ಜಿಟಿಜಿಟಿ ಮಳೆ ಹಿಡಿದು ಕೂರುತ್ತದಲ್ಲ, ಆ ಚಳಿಗೆ.

ಈಗ ಇರುವುದು ಡೌನ್ ಜಾಕೆಟ್, ಅಂದರೆ ಹಕ್ಕಿಯ ಮೃದು ಪುಕ್ಕ ತುಂಬಿದ್ದು. ಒಣಗಿದ್ದಾಗ ಅದಕ್ಕೆ ಸಾಟಿಯೇ ಇಲ್ಲ. ಆದರೆ ಹೋದ ಚಳಿಗಾಲದಲ್ಲಿ ಒಂದು ದಿನ ತುಂತುರಿನಲ್ಲಿ ಒಂದು ಗಂಟೆ ನಡೆದೆ, ಅಷ್ಟೇ. ಭುಜದ ಮೇಲಿನ ಪುಕ್ಕವೆಲ್ಲ ಮುದ್ದೆಯಾಗಿ ಹೊಲಿಗೆಯ ಮೂಲೆಗೆ ಸೇರಿಕೊಂಡಿತು. ಬೆಳಕಿಗೆ ಹಿಡಿದರೆ ಬರೀ ಬಟ್ಟೆ ಕಾಣುತ್ತಿತ್ತು. ಒಣಗಲು ಎರಡು ದಿನ ಬೇಕಾಯಿತು. ಸಿಂಥೆಟಿಕ್ ಜಾಕೆಟ್ ಒಳಗೆ ತುಂಬುವ ಪಾಲಿಯೆಸ್ಟರ್ ಎಳೆ ನೀರು ಹೀರುವುದು ತೀರಾ ಕಡಿಮೆ, ನೆನೆದರೂ ಸ್ವಲ್ಪವಾದರೂ ಉಬ್ಬಿಕೊಂಡೇ ಇರುತ್ತದೆ ಅಲ್ವಾ? ಅದಕ್ಕೇ ಈ ಕಡೆ ತಿರುಗಿದ್ದು.

ಗೊಂದಲ ಇರುವುದು ಒಳಗೆ ತುಂಬಿದ ಎಳೆಯ ತೂಕದಲ್ಲಿ. ಚದರ ಮೀಟರಿಗೆ 60 ಗ್ರಾಂ ತುಂಬಿದ್ದೂ ಇದೆ, 100, 133 ಕೂಡ ಇದೆ. ಬಿರುಸಾಗಿ ನಡೆಯುವವರಿಗೆ 60 ಸಾಕು ಅನ್ನಿಸುತ್ತದೆ. ನನ್ನದು ನಿಲ್ಲುವ ಕೆಲಸವೇ ಜಾಸ್ತಿ. ಬೆಳಗ್ಗೆ ನಾಯಿ ಕರೆದುಕೊಂಡು ಹೋಗುತ್ತೇನೆ, ಅದು ಒಂದು ಕಂಬವನ್ನೂ ಬಿಡುವುದಿಲ್ಲ. 100 ಸಾಕಾ, 133ಕ್ಕೆ ಹೋಗಲಾ?

ಪ್ರೈಮಾಲಾಫ್ಟ್ ಗೋಲ್ಡ್, ಕ್ಲೈಮಾಶೀಲ್ಡ್ ಏಪೆಕ್ಸ್ ಅಂತ ಈ ಸಿಂಥೆಟಿಕ್ ತುಂಬುವಿಕೆಯ ಎರಡು ಬ್ರ್ಯಾಂಡ್ ಇವೆಯಲ್ಲ, ಎರಡನ್ನೂ ಬಳಸಿದವರು ಇದ್ದೀರಾ? ಬ್ಯಾಗಿಗೆ ತುರುಕಿ ತುರುಕಿ ಸಿಂಥೆಟಿಕ್ ಚಪ್ಪಟೆಯಾಗುತ್ತದೆ ಎನ್ನುವುದು ಗೊತ್ತು. ಎಷ್ಟು ವರ್ಷಕ್ಕೆ ಆ ಗತಿ ಬಂತು, ಹೇಳಿ. ಇನ್ನೊಂದು, ಜೋರು ಮಳೆಗೆ ಇದರ ಮೇಲೆ ರೇನ್‌ಕೋಟ್ ಹಾಕುತ್ತೇನೆ. ಎರಡಕ್ಕೂ ಹುಡ್ ಇದ್ದರೆ ಕತ್ತಿನ ಹತ್ತಿರ ಕಿರಿಕಿರಿ ಆಗುತ್ತದಾ? ಅಂಗಡಿಯಲ್ಲಿ ಐದು ನಿಮಿಷ ಹಾಕಿ ನೋಡಿದರೆ ಇದೆಲ್ಲ ಗೊತ್ತಾಗುವುದಿಲ್ಲ.