ಲ್ಯಾನ್ ಮತ್ತು ವೈಫೈ ಎರಡನ್ನೂ ಸೇರಿಸಿದರೆ ಸ್ಪೀಡ್ ಕೂಡುತ್ತದಾ?

ನೀಲಿತಂತಿ:

ಮನೆಯ ಕಂಪ್ಯೂಟರಿನಲ್ಲಿ ವಿಂಡೋಸ್ 11 ಇದೆ. ಮದರ್‌ಬೋರ್ಡಿನಲ್ಲಿ ಒಂದು ಲ್ಯಾನ್ ಪೋರ್ಟ್, ಜೊತೆಗೆ ವೈಫೈ. ಲ್ಯಾನಿಗೆ 100 ಎಂಬಿಪಿಎಸ್ ಫೈಬರ್ ಬರುತ್ತದೆ. ವೈಫೈಯನ್ನು ಮೊಬೈಲಿನ ಹಾಟ್‌ಸ್ಪಾಟಿಗೆ ಹಾಕಿದರೆ ಅದರಲ್ಲೂ 40ರ ಆಸುಪಾಸು ಸಿಗುತ್ತದೆ. ಎರಡೂ ಆನ್ ಇದ್ದರೆ 140 ಬರಬೇಕು ಅಲ್ವಾ? ಬರುವುದು ಅದೇ 100. ಟಾಸ್ಕ್ ಮ್ಯಾನೇಜರಿನಲ್ಲಿ ವೈಫೈ ಗ್ರಾಫ್ ಮೇಲೇಳುವುದೇ ಇಲ್ಲ.

ನೆಟ್‌ವರ್ಕ್ ಕನೆಕ್ಷನ್ಸ್‌ಗೆ ಹೋಗಿ ಎರಡನ್ನೂ ಸೆಲೆಕ್ಟ್ ಮಾಡಿ ರೈಟ್ ಕ್ಲಿಕ್ ಕೊಟ್ಟರೆ ಬ್ರಿಡ್ಜ್ ಅಂತ ಬರುತ್ತದೆ. ಅದನ್ನು ಒತ್ತಿದ ಕೂಡಲೇ ಇದ್ದ ನೆಟ್ಟೂ ಹೋಯಿತು, ತೆಗೆದ ಮೇಲೆ ವಾಪಸ್ ಬಂತು. ಒಂದು ಯುಎಸ್‌ಬಿ ಲ್ಯಾನ್ ಅಡಾಪ್ಟರ್ ಕೂಡ ತರೋಣ ಅಂತಿದ್ದೇನೆ, ನ್ಯಾಸ್‌ಗೆ (ಮನೆಯ ನೆಟ್‌ವರ್ಕಿಗೆ ಸಿಕ್ಕಿಸಿದ ಫೈಲ್ ಸಂಗ್ರಹದ ಪೆಟ್ಟಿಗೆ) ಫೈಲ್ ಕಾಪಿ ಮಾಡುವುದು ಬೇಗ ಆಗಲಿ ಅಂತ. ತರುವ ಮೊದಲು ಗೊತ್ತಿದ್ದವರು ಹೇಳಿ.

ಪೋರ್ಟ್‌ಪ್ರೇಮಿ:

ಬ್ರಿಡ್ಜ್ ಇರುವುದು ಈ ಕೆಲಸಕ್ಕೇ ಅಲ್ಲ. ಅದು ಎರಡು ನೆಟ್‌ವರ್ಕುಗಳನ್ನು ಒಂದೇ ನೆಟ್‌ವರ್ಕ್ ಮಾಡಿಬಿಡುತ್ತದೆ. ನಿಮ್ಮ ಫೈಬರ್ ರೂಟರೂ ಮೊಬೈಲೂ ಎರಡೂ ಐಪಿ, ಅಂದರೆ ನೆಟ್‌ವರ್ಕಿನ ವಿಳಾಸ, ಹಂಚುವ ಸಾಧನಗಳೇ. ಎರಡನ್ನೂ ಒಟ್ಟಿಗೆ ಕಟ್ಟಿಹಾಕಿದರೆ ಗೊಂದಲ ಆಗದೆ ಇನ್ನೇನು? ಸ್ಪೀಡ್ ಕೂಡಿಸುವ ಕೆಲಸ ಅದರಲ್ಲಿ ಇಲ್ಲವೇ ಇಲ್ಲ.

ಈಗ ವೈಫೈ ಗ್ರಾಫ್ ಯಾಕೆ ಏಳುವುದಿಲ್ಲ ಅಂದರೆ, ವಿಂಡೋಸ್ ಪ್ರತಿ ಅಡಾಪ್ಟರಿಗೂ ಮೆಟ್ರಿಕ್ ಅಂತ ಒಂದು ಸಂಖ್ಯೆ ಇಟ್ಟಿರುತ್ತದೆ. ಯಾವುದರದ್ದು ಕಡಿಮೆಯೋ ಹೊರಗಿನ ಟ್ರಾಫಿಕ್ ಅದರಲ್ಲೇ ಹೋಗುತ್ತದೆ. ಮಾಮೂಲಿಯಾಗಿ ಲ್ಯಾನೇ ಗೆಲ್ಲುತ್ತದೆ, ವೈಫೈ ಸುಮ್ನೆ ಕಾಯುತ್ತಾ ಕೂತಿರುತ್ತದೆ.

ಎರಡರಲ್ಲೂ ಹೋಗುವ ಹಾಗೆ ಮಾಡಿದರೂ ಒಂದು ಡೌನ್‌ಲೋಡ್ 140ಕ್ಕೆ ಏರುವುದಿಲ್ಲ. ಡೌನ್‌ಲೋಡ್‌ಗಳು ಸಾಮಾನ್ಯವಾಗಿ ಬಳಸುವ ಟಿಸಿಪಿ ಕನೆಕ್ಷನ್ ಅಂದರೆ ನಾಲ್ಕು ವಿಷಯ: ನಿಮ್ಮ ಐಪಿ, ನಿಮ್ಮ ಪೋರ್ಟ್ (ಕೇಬಲ್ ಸಿಕ್ಕಿಸುವ ಪೋರ್ಟ್ ಅಲ್ಲ, ಕನೆಕ್ಷನ್ ಗುರುತಿಸುವ ಸಂಖ್ಯೆ), ಆ ಕಡೆಯ ಐಪಿ, ಆ ಕಡೆಯ ಪೋರ್ಟ್. ಇದರಲ್ಲಿ ಒಂದು ಬದಲಾದರೂ ಸರ್ವರಿಗೆ ಅದು ಬೇರೆಯೇ ಕನೆಕ್ಷನ್. ಫೈಬರಿನಿಂದ ಹೋದ ಪ್ಯಾಕೆಟ್‌ಗೆ ಒಂದು ಪಬ್ಲಿಕ್ ಐಪಿ, ಮೊಬೈಲಿನಿಂದ ಹೋದದ್ದಕ್ಕೆ ಇನ್ನೊಂದು. ಹಾಗಾಗಿ ಒಂದೇ ಕನೆಕ್ಷನ್ನಿನ ಅರ್ಧ ಪ್ಯಾಕೆಟ್ ಅಲ್ಲಿ, ಅರ್ಧ ಇಲ್ಲಿ ಕಳಿಸಿದರೆ ಸರ್ವರ್ ಒಪ್ಪುವುದಿಲ್ಲ. ಒಂದೇ ಕನೆಕ್ಷನ್ ಹಲವು ದಾರಿಯಲ್ಲಿ ಹೋಗಲೆಂದೇ ಮಲ್ಟಿಪಾತ್ ಟಿಸಿಪಿ ಬಂದಿದೆ, 2020ರಲ್ಲಿ ಲಿನಕ್ಸ್ ಕರ್ನಲ್ 5.6ಕ್ಕೂ ಸೇರಿತು, ಆದರೆ ಆ ಕಡೆಯ ಸರ್ವರಿನಲ್ಲೂ ಅದು ಇರಬೇಕು, ಅಲ್ಲೇ ಕತೆ ನಿಲ್ಲುವುದು.

ಇರುಳುಪಾಳಿ:

ಮೇಲಿನವರು ಹೇಳಿದ್ದು ಸರಿ. ಆದರೆ ಪೂರ್ತಿ ನಿರಾಸೆ ಬೇಡ. ಒಂದು ಕನೆಕ್ಷನ್ನನ್ನು ಸೀಳಲು ಆಗದಿದ್ದರೂ ಹತ್ತಾರು ಕನೆಕ್ಷನ್‌ಗಳನ್ನು ಎರಡು ಲೈನಿಗೆ ಹಂಚಬಹುದು. ಟೊರೆಂಟ್, ತುಂಡು ತುಂಡಾಗಿ ಇಳಿಸುವ ಡೌನ್‌ಲೋಡ್ ಮ್ಯಾನೇಜರ್, ಮನೆಯಲ್ಲಿ ಒಟ್ಟಿಗೇ ನೆಟ್ ಬಳಸುವ ನಾಲ್ಕು ಜನ, ಇವಕ್ಕೆಲ್ಲ ನಿಜವಾಗಿ ಲಾಭ ಇದೆ. ಈ ಹಂಚುವ ಕೆಲಸ ಕಂಪ್ಯೂಟರಿಗಿಂತ ರೂಟರಿನಲ್ಲಿ ಆಗುವುದೇ ಒಳ್ಳೆಯದು. ಓಪನ್‌ವರ್ಟ್ (ರೂಟರಿಗೆ ಹಾಕುವ ಉಚಿತ ಸಾಫ್ಟ್‌ವೇರ್) ಹಾಕಿದ ರೂಟರಿನಲ್ಲಿ ಎಂವ್ಯಾನ್3 ಅಂತ ಪ್ಯಾಕೇಜ್ ಇದೆ, ಎರಡು ಲೈನಿಗೆ ಇಷ್ಟಿಷ್ಟು ಪಾಲು ಅಂತ ಕೊಡಬಹುದು. ಪಿಎಫ್‌ಸೆನ್ಸ್ ಎಂಬ ರೂಟರ್ ಸಾಫ್ಟ್‌ವೇರಿನಲ್ಲೂ ಆಗುತ್ತದೆ.

ಒಂದು ಎಚ್ಚರ. ಬ್ಯಾಂಕ್ ಸೈಟುಗಳಲ್ಲಿ ಲಾಗಿನ್ ಒಂದು ಐಪಿಯಿಂದ, ಮುಂದಿನ ಪೇಜು ಇನ್ನೊಂದರಿಂದ ಹೋದರೆ ಹೊರಗೆ ಹಾಕುವ ಸಾಧ್ಯತೆ ಜಾಸ್ತಿ. ಅಂಥ ಸೈಟುಗಳನ್ನು ಒಂದೇ ಲೈನಿಗೆ ಅಂಟಿಸಿಡಿ, ಅದಕ್ಕೆ ಸ್ಟಿಕಿ ಅಂತಲೇ ಸೆಟ್ಟಿಂಗ್ ಇದೆ.

ಹಳೆಸ್ವಿಚ್:

ನ್ಯಾಸ್ ವಿಷಯ ಇಂಟರ್ನೆಟ್ಟಿಗಿಂತ ಬೇರೆ, ಅದನ್ನು ಇದರ ಜೊತೆ ಬೆರೆಸಬೇಡಿ. ಎರಡೂ ತುದಿ ನಿಮ್ಮ ಕೈಯಲ್ಲೇ ಇರುವುದರಿಂದ ಅಲ್ಲಿ ನಿಜವಾಗಲೂ ಕೂಡಿಸಬಹುದು.

ಬಹಳ ಜನ ಮೊದಲು ಹೋಗುವುದು ಎಲ್‌ಎಸಿಪಿ ಕಡೆಗೆ, ಅಂದರೆ ಹಲವು ತಂತಿ ಸೇರಿಸಿ ಒಂದೇ ಲಿಂಕ್ ಮಾಡುವ ಪದ್ಧತಿ (ಅದರ ಮಾನದಂಡ ಹಳೆಯ 802.3ಎಡಿ, 2008ರ ಮೇಲೆ 802.1ಎಎಕ್ಸ್). ಒಬ್ಬರೇ ಬಳಸುವ ಮನೆಗೆ ಅದು ಬೇಡ ಅಂತಲೇ ನಾನು ಹೇಳುವುದು. ಅದಕ್ಕೆ ಮ್ಯಾನೇಜ್ಡ್ ಸ್ವಿಚ್ (ಸೆಟ್ಟಿಂಗ್ ಬದಲಿಸಬಹುದಾದ ಸ್ವಿಚ್) ಬೇಕು, ವಿಂಡೋಸ್ 11ರಲ್ಲಿ ಟೀಮಿಂಗ್, ಅಂದರೆ ಅಡಾಪ್ಟರುಗಳನ್ನು ಒಂದಾಗಿಸುವುದು, ಇಲ್ಲ, ಅದು ಸರ್ವರ್ ಆವೃತ್ತಿಗಳಿಗೆ ಇರುವ ಸೌಲಭ್ಯ. ಇದೆಲ್ಲ ಹೊಂದಿಸಿದರೂ ಅದು ಐಪಿ, ಪೋರ್ಟ್ ನೋಡಿ ಲೆಕ್ಕ ಹಾಕಿ ಒಂದು ಕನೆಕ್ಷನ್ನನ್ನು ಒಂದೇ ತಂತಿಗೆ ಕಳಿಸುತ್ತದೆ. ಒಂದು ಫೈಲ್ ಕಾಪಿ ಮಾಡಿದರೆ ಒಂದು ಗಿಗಾಬಿಟ್ಟೇ ಸಿಗುವುದು.

ನಿಮಗೆ ಬೇಕಾದ್ದು ಎಸ್‌ಎಂಬಿ ಮಲ್ಟಿಚಾನೆಲ್ (ಎಸ್‌ಎಂಬಿ ಅಂದರೆ ವಿಂಡೋಸ್ ನೆಟ್‌ವರ್ಕಿನಲ್ಲಿ ಫೈಲ್ ಹಂಚುವ ವಿಧಾನ). ವಿಂಡೋಸ್ 8ರಿಂದಲೇ ಇದೆ, ವಿಂಡೋಸ್ ಕಡೆ ಏನೂ ಆನ್ ಮಾಡಬೇಕಿಲ್ಲ. ಇದು ಒಂದೇ ಫೈಲಿಗೂ ಹಲವು ಕನೆಕ್ಷನ್ ತೆರೆಯುತ್ತದೆ, ಆದ್ದರಿಂದ ಎರಡು ತಂತಿಯೂ ದುಡಿಯುತ್ತವೆ. ನ್ಯಾಸ್‌ನಲ್ಲೂ ಎರಡು ಪೋರ್ಟ್ ಇರಬೇಕು, ಅಲ್ಲಿ ಸಾಂಬಾ (ಲಿನಕ್ಸ್‌ನಲ್ಲಿ ಎಸ್‌ಎಂಬಿ ಒದಗಿಸುವ ಸಾಫ್ಟ್‌ವೇರ್) ಇದ್ದರೆ 4.15 ಅಥವಾ ಅದಕ್ಕಿಂತ ಹೊಸದಿರಲಿ. ಅಡಾಪ್ಟರುಗಳ ವೇಗ ಒಂದೇ ಇರಲಿ, ಗಿಗಾಬಿಟ್ ಜೊತೆ ವೈಫೈ ಸೇರಿಸಿಕೊಳ್ಳುವುದಿಲ್ಲ. ಕಾಪಿ ಹಾಕಿ ಟಾಸ್ಕ್ ಮ್ಯಾನೇಜರ್ ತೆರೆದಿಡಿ. ಎರಡೂ ಲ್ಯಾನ್ ಗ್ರಾಫ್ ಜೊತೆಜೊತೆಗೆ ಎದ್ದರೆ ಕೆಲಸ ಆಗುತ್ತಿದೆ ಅಂತ ಅರ್ಥ.

ಇನ್ನೂ ಏನೂ ಕೊಂಡಿಲ್ಲ ಅಂದರೆ ಎರಡು ಗಿಗಾಬಿಟ್ ಸೇರಿಸುವ ಬದಲು 2.5 ಗಿಗಾಬಿಟ್ ನೋಡಿ. ಒಂದು ಗಿಗಾಬಿಟ್‌ನಲ್ಲಿ ಸೆಕೆಂಡಿಗೆ ಹೆಚ್ಚೆಂದರೆ 110 ಮೆಗಾಬೈಟ್ ಚಿಲ್ಲರೆ, 2.5ರಲ್ಲಿ 280ರ ಹತ್ತಿರ. ಮನೆಯಲ್ಲಿರುವ ಕ್ಯಾಟ್5ಇ ಕೇಬಲ್ಲೇ ಸಾಕು. ನ್ಯಾಸ್‌ಗೂ ನಡುವಿನ ಸ್ವಿಚ್‌ಗೂ 2.5 ಇರಬೇಕು ಅಷ್ಟೆ. ನ್ಯಾಸ್‌ನಲ್ಲಿ ಇರುವುದು ಒಂದೇ ಹಾರ್ಡ್ ಡಿಸ್ಕ್ ಆದರೆ ಡಿಸ್ಕೇ ಮೊದಲು ಸುಸ್ತಾಗುತ್ತದೆ, ಅದನ್ನೂ ನೋಡಿಕೊಳ್ಳಿ.

ನೀಲಿತಂತಿ:

ನ್ಯಾಸ್‌ನಲ್ಲಿ ಇರುವುದು ಒಂದೇ ಪೋರ್ಟ್, ಹಾಗಾದರೆ ಅಡಾಪ್ಟರ್ ತರುವುದಿಲ್ಲ. ಇನ್ನೊಂದು ಕೇಳಬೇಕಿತ್ತು. ಸ್ಪೀಡ್ ಇಲ್ಲದಿದ್ದರೆ ಹೋಗಲಿ, ಮೀಟಿಂಗ್ ನಡುವೆ ಫೈಬರ್ ಹೋದರೆ ತಾನಾಗಿಯೇ ಮೊಬೈಲಿಗೆ ಹೋಗುವ ಹಾಗೆ ಆಗುತ್ತದಾ? ಈಗ ಎರಡೂ ಆನ್ ಇದ್ದರೂ ಕೈಯಾರೆ ಕೇಬಲ್ ಕೀಳಬೇಕಾಗಿದೆ.

ಇರುಳುಪಾಳಿ:

ಕೇಬಲ್ ಕಿತ್ತರೆ ಬದಲಾಗುವುದು, ಕೀಳದಿದ್ದರೆ ಬದಲಾಗದಿರುವುದು ಯಾಕೆ ಅಂದರೆ, ಫೈಬರ್ ಹೊರಗೆಲ್ಲೋ ಕಡಿದಿದ್ದರೂ ನಿಮ್ಮ ಕಂಪ್ಯೂಟರಿನಿಂದ ರೂಟರ್ ತನಕ ತಂತಿ ಚೆನ್ನಾಗಿಯೇ ಇದೆ. ಲಿಂಕ್ ಜೀವಂತ ಇದೆ ಅಂತ ವಿಂಡೋಸ್ ಅದೇ ದಾರಿಯಲ್ಲಿ ಕಳಿಸುತ್ತಲೇ ಇರುತ್ತದೆ. ಎಂವ್ಯಾನ್3 ಹಾಗಲ್ಲ, ಪ್ರತಿ ಲೈನಿನಿಂದಲೂ ಹೊರಗಿನ ವಿಳಾಸಕ್ಕೆ ಪಿಂಗ್, ಅಂದರೆ ‘ಇದ್ದೀಯಾ’ ಅಂತ ಕೇಳುವ ಸಂದೇಶ, ಕಳಿಸುತ್ತಿರುತ್ತದೆ, ಉತ್ತರ ನಿಂತರೆ ಇನ್ನೊಂದು ಲೈನಿಗೆ ದಾಟಿಸುತ್ತದೆ. ಮೊಬೈಲನ್ನು ರೂಟರಿನ ಯುಎಸ್‌ಬಿಗೆ ಸಿಕ್ಕಿಸಿ ಎರಡನೇ ಲೈನ್ ಮಾಡಿ. ದಾಟುವಾಗ ಐಪಿ ಬದಲಾಗುವುದರಿಂದ ಕಾಲ್ ಸ್ವಲ್ಪ ಹೊತ್ತು ತಡವರಿಸಿ ಮತ್ತೆ ಸೇರಿಕೊಳ್ಳುತ್ತದೆ.

ಅಷ್ಟೂ ತಡವರಿಸಬಾರದು ಅಂದರೆ ಸ್ಪೀಡಿಫೈ ಥರದ ಬಾಂಡಿಂಗ್ ವಿಪಿಎನ್, ಅಂದರೆ ಹಲವು ಲೈನುಗಳನ್ನು ಒಂದಾಗಿಸುವ ಸೇವೆ, ಬೇಕು. ಎರಡೂ ಲೈನಿನ ಪ್ಯಾಕೆಟ್ ಅವರ ಸರ್ವರಿನಲ್ಲಿ ಸೇರಿ ಒಂದೇ ಐಪಿಯಿಂದ ಹೊರಗೆ ಹೋಗುತ್ತವೆ, ಒಂದು ಲೈನ್ ಬಿದ್ದದ್ದು ಮೀಟಿಂಗ್ ಸರ್ವರಿಗೆ ಗೊತ್ತೇ ಆಗುವುದಿಲ್ಲ. ನೀವು ಮೊದಲು ಕೇಳಿದ 140ಕ್ಕೆ ಹತ್ತಿರ ಹೋಗುವುದೂ ಇದರಲ್ಲೇ. ಆದರೆ ಎಲ್ಲ ಟ್ರಾಫಿಕ್ ಆ ಸರ್ವರ್ ಸುತ್ತಿ ಬರುವುದರಿಂದ ಉತ್ತರ ಬರುವ ಹೊತ್ತು ಏರುತ್ತದೆ, ಮೊಬೈಲ್ ಡೇಟಾ ಕೂಡ ಹಗಲಿಡೀ ಖರ್ಚಾಗುತ್ತಿರುತ್ತದೆ. ಮೊಬೈಲನ್ನು ಬ್ಯಾಕಪ್ ಅಂತ ಗುರುತು ಹಾಕಿಟ್ಟರೆ ಫೈಬರ್ ಬಿದ್ದಾಗ ಮಾತ್ರ ಬಳಸುತ್ತದೆ.