ಸಹಾಯ ಬೇಕು: ಮಲ್ಪೆ ಪ್ಲಾಂಕ್ಟನ್ ಡಿಎನ್‌ಎ, ಪ್ರಭೇದಗಳ ಅಂದಾಜಿಗೆ ಯಾವ ಲೆಕ್ಕ?

ಎಲ್ಲರಿಗೂ ನಮಸ್ಕಾರ. ಮಲ್ಪೆ ಬಂದರಿನ ಹೊರಗೆ ಮತ್ತು ಉದ್ಯಾವರ ಹೊಳೆಯ ಅಳಿವೆಯಲ್ಲಿ ನೀರು ಸೋಸಿ ಪ್ಲಾಂಕ್ಟನ್ (ನೀರಿನಲ್ಲಿ ತೇಲುವ ಸಣ್ಣ ಜೀವಿಗಳ) ಡಿಎನ್‌ಎ ತೆಗೆದಿದ್ದೇನೆ. ಜೀವಿಗಳನ್ನು ಗುರುತಿಸಲು ಬಳಸುವ 18ಎಸ್ ಜೀನಿನ ವಿ4 ಎಂಬ ಭಾಗವನ್ನು ಇಲ್ಯುಮಿನಾ ಯಂತ್ರದಲ್ಲಿ ಸೀಕ್ವೆನ್ಸ್ ಮಾಡಿಸಿ, ಡಾಡಾ2 ಸಾಫ್ಟ್‌ವೇರ್‌ನಲ್ಲಿ ತಪ್ಪುಗಳನ್ನು ತೆಗೆದು, ಪಿಆರ್2 ಡೇಟಾಬೇಸ್ ನೋಡಿ ಹೆಸರು ಕೊಟ್ಟಾಗಿದೆ. ಇಲ್ಲಿವರೆಗೆ ಸರಿ.

ತಲೆ ಕೆಡುವುದು ಎಣಿಕೆಯಲ್ಲಿ. ಮೈಕ್ರೋಸ್ಕೋಪಿನಲ್ಲಿ ಡಯಾಟಮ್‌ಗಳು (ಗಾಜಿನಂಥ ಚಿಪ್ಪಿನ ಏಕಕೋಶ ಪಾಚಿಗಳು) ಜಾಸ್ತಿ, ಆದರೆ ರೀಡ್‌ಗಳಲ್ಲಿ (ಯಂತ್ರ ಓದಿದ ಡಿಎನ್‌ಎ ತುಣುಕುಗಳಲ್ಲಿ) ಡೈನೋಫ್ಲಾಜೆಲೇಟ್‌ಗಳದ್ದೇ (ಎಳೆಯಂಥ ಬಾಲದ ಏಕಕೋಶ ಜೀವಿಗಳದ್ದೇ) ದರ್ಬಾರು. ಅವುಗಳ ಒಂದು ಕೋಶದಲ್ಲಿ ಈ ಜೀನಿನ ಸಾವಿರಾರು ಪ್ರತಿಗಳಿರಬಹುದು, ಹಾಗಾಗಿ ರೀಡ್ ಸಂಖ್ಯೆಯನ್ನು ಕೋಶಗಳ ಸಂಖ್ಯೆ ಎಂದು ಓದುವಂತಿಲ್ಲ, ಅದು ಗೊತ್ತು. ಆದರೆ ಆ ಪ್ರತಿಗಳೆಲ್ಲ ಒಂದೇ ತರ ಇರುವುದಿಲ್ಲ ಅಲ್ವಾ, ಒಂದೇ ಪ್ರಭೇದ ಹಲವು ಎಎಸ್‌ವಿಗಳಾಗಿ (ತಪ್ಪು ತೆಗೆದ ಮೇಲೆ ಉಳಿದ ಬೇರೆ ಬೇರೆ ಸೀಕ್ವೆನ್ಸ್‌ಗಳಾಗಿ) ಒಡೆದು ಕೂತಿದೆ ಅನ್ನಿಸುತ್ತದೆ. ಶೇಕಡಾ 97 ಹೋಲಿಕೆಗೆ ಗುಂಪು ಮಾಡಿ ನೋಡಿದೆ. ಆಗ ಹತ್ತಿರದ ಪ್ರಭೇದಗಳು ಒಂದಾಗಿಬಿಡುತ್ತವೆ. ಸೂಡೋ-ನಿಟ್ಜಿಯಾ ಎಂಬ ಡಯಾಟಮ್ ಕುಲದಲ್ಲಂತೂ ಕೆಲವನ್ನು ವಿ4 ಬೇರ್ಪಡಿಸುವುದೇ ಇಲ್ಲ.

ರೇರ್‌ಫ್ಯಾಕ್ಷನ್ ಗೆರೆ (ರೀಡ್‌ಗಳು ಹೆಚ್ಚಿದಂತೆ ಹೊಸವು ಎಷ್ಟು ಸಿಗುತ್ತವೆ ಎಂದು ತೋರಿಸುವುದು) ಎಳೆದೆ, ಬೇಗ ಚಪ್ಪಟೆಯಾಗುತ್ತದೆ. ನಂಬಬೇಕೋ ಬೇಡವೋ! ಗೈಡ್ ಚಾವೋ1 (ಕಣ್ಣಿಗೆ ಸಿಗದೆ ಉಳಿದ ಪ್ರಭೇದಗಳನ್ನೂ ಸೇರಿಸಿ ಒಟ್ಟು ಅಂದಾಜಿಸುವ ಲೆಕ್ಕ) ಕೇಳುತ್ತಿದ್ದಾರೆ. ಆ ಲೆಕ್ಕ ನಿಂತಿರುವುದೇ ಒಂದೇ ಸಲ, ಎರಡೇ ಸಲ ಸಿಕ್ಕ ಸೀಕ್ವೆನ್ಸ್‌ಗಳ ಮೇಲೆ. ಸ್ಯಾಂಪಲ್‌ಗಳನ್ನು ಬೇರೆ ಬೇರೆಯಾಗಿ ಓಡಿಸಿದರೆ ಡಾಡಾ2 ಒಂದೇ ಸಲ ಬಂದವನ್ನು ಉಳಿಸುವುದೇ ಇಲ್ಲ. ಮತ್ತೆ ಸುಮ್ನೆ ಒಂದು ಸಂಖ್ಯೆ ಬರೆದು ಏನು ಪ್ರಯೋಜನ?

ನನ್ನ ಪ್ರಶ್ನೆ ಇಷ್ಟೇ: ಚಾವೋ1 ಬಿಟ್ಟು, ಪ್ರತಿ ಸ್ಯಾಂಪಲ್‌ನಲ್ಲಿ ಇದೆಯೋ ಇಲ್ಲವೋ ಎಂಬುದನ್ನು ಮಾತ್ರ ನೋಡುವ ಚಾವೋ2 ಬಳಸಬಹುದಾ? ಅದನ್ನು ಎಎಸ್‌ವಿ ಮೇಲೆ ಮಾಡಬೇಕಾ, ಗುಂಪು ಮಾಡಿದ ಮೇಲಾ? ಕರಾವಳಿ ನೀರಿನ ಡೇಟಾದಲ್ಲಿ ಮಾಡಿ ನೋಡಿದವರು ದಯವಿಟ್ಟು ಹೇಳಿ.